ಗೋಡೆಯ ಚಿಟ್ಟೆಗೆ ಎಷ್ಟು ಕಾಲು?

ಮಕ್ಕಳೇ, ಈ ವಾರ ಓದು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮೂರಿನ ಅಂಗನವಾಡಿಯದೋ, ಶಾಲೆಯದೋ, ಆಸ್ಪತ್ರೆಯದೋ ಗೋಡೆ ಮೇಲೆ ಬರೆದಿರುವ ಚಿಟ್ಟೆಯನ್ನು ನೆನಪು ಮಾಡಿಕೊಳ್ಳಿ. ಅದಕ್ಕೆ ಎಷ್ಟು ಕಾಲು? ಎಷ್ಟು ರೆಕ್ಕೆ? ಮೀಸೆ ಹೇಗಿದೆ? ನೆನಪಾಗದಿದ್ದರೆ ನಾಳೆ ಶಾಲೆಗೆ ಹೋಗುವಾಗ ನೋಡಿಕೊಂಡು ಬನ್ನಿ. ಅಜ್ಜ ಅಜ್ಜಿಯರೂ ಸಂತೆಗೆ ಹೋದಾಗ ಕನ್ನಡಕ ಏರಿಸಿ ಒಮ್ಮೆ ನೋಡಬಹುದು. ಯಾರೂ ನಗುವುದಿಲ್ಲ.

ನಾನಂತೂ ಎಣಿಸಿದ್ದೇನೆ. ಬಸವಾಪಟ್ಟಣದಿಂದ ಚನ್ನಗಿರಿಗೆ, ದಾವಣಗೆರೆಗೆ ಹೋಗುವಾಗ ಬಸ್ಸಿನ ಕಿಟಕಿ ಪಕ್ಕ ಕೂತವನಿಗೆ ಬೇರೆ ಕೆಲಸ ಏನಿದೆ? ಗೋಡೆ ಚಿಟ್ಟೆಗಳಲ್ಲಿ ಬಹಳಷ್ಟಕ್ಕೆ ಕಾಲೇ ಇಲ್ಲ. ಕೆಲವಕ್ಕೆ ಎರಡು. ಒಂದು ಚಿಟ್ಟೆಗಂತೂ ಶೂ ಹಾಕಿದ್ದರು! ಎಲ್ಲವೂ ಹಲ್ಲು ಬಿಟ್ಟು ನಗುತ್ತವೆ. ಮೀಸೆ ಮಾತ್ರ ಜಿಲೇಬಿಯ ಹಾಗೆ ಸುರುಳಿ ಸುರುಳಿ.

ನಿಜವಾದ ಚಿಟ್ಟೆಗೆ ಆರು ಕಾಲು, ನಾಲ್ಕು ರೆಕ್ಕೆ. ಮೀಸೆ ನೇರವಾಗಿದ್ದು ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪಗಿರುತ್ತದೆ. ಸುರುಳಿ ಸುತ್ತಿಕೊಳ್ಳುವುದು ಮೀಸೆಯಲ್ಲ, ಅದರ ಹೀರುಗೊಳವೆ. ಹೂವಿನ ಮೇಲೆ ಕೂತಾಗ ಅದನ್ನು ಬಿಚ್ಚಿ ಮಕರಂದ ಹೀರಿ, ಆಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟುಕೊಳ್ಳುತ್ತದೆ. ನಮ್ಮ ಪೇಂಟರುಗಳು ಬಾಯಲ್ಲಿದ್ದ ಸುರುಳಿಯನ್ನು ತೆಗೆದು ತಲೆಯ ಮೇಲೆ ಇಟ್ಟಿದ್ದಾರೆ, ಅಷ್ಟೆ. ಇನ್ನೊಂದು ವಿಷಯ: ಗೋಡೆಯ ಚಿಟ್ಟೆ ಯಾವಾಗಲೂ ರೆಕ್ಕೆ ಹರಡಿಕೊಂಡೇ ಇರುತ್ತದೆ. ತೋಟದ ಚಿಟ್ಟೆ ಬೆಳಗಿನ ಬಿಸಿಲು ಕಾಯಿಸಿಕೊಳ್ಳುವಾಗ ಹಾಗೆ ಹರಡುವುದುಂಟು. ಆದರೆ ವಿಶ್ರಾಂತಿಗೆ ಕೂತಾಗ ಹೆಚ್ಚಿನವು ಎರಡೂ ಕಡೆಯ ರೆಕ್ಕೆಗಳನ್ನು ಬೆನ್ನ ಮೇಲೆ ಕೈಮುಗಿದ ಹಾಗೆ ಜೋಡಿಸಿಕೊಳ್ಳುತ್ತವೆ. ರಾತ್ರಿ ದೀಪಕ್ಕೆ ಬರುವ ಪತಂಗಗಳು ಸಾಮಾನ್ಯವಾಗಿ ರೆಕ್ಕೆ ಚಪ್ಪಟೆ ಮಾಡಿ ಕೂರುತ್ತವೆ.

ಇದನ್ನೆಲ್ಲ ಪೇಂಟರುಗಳನ್ನು ಹಳಿಯಲಿಕ್ಕೆ ಹೇಳುತ್ತಿಲ್ಲ. ಅವರ ಮೇಲೆ ನನಗೆ ತುಂಬ ಮಮತೆ. ನಮ್ಮ ಕಾಲದಲ್ಲಿ ಸಿನಿಮಾ ಬ್ಯಾನರ್, ಅಂಗಡಿ ಬೋರ್ಡು, ಲಾರಿಯ ಹಿಂಬದಿ, ನಾಟಕದ ಪರದೆ ಎಲ್ಲವೂ ಅವರ ಕುಂಚದಿಂದಲೇ ಬರಬೇಕಿತ್ತು. ರಾಜ್‌ಕುಮಾರ್ ಮುಖವನ್ನು ಏಣಿಯ ಮೇಲೆ ನಿಂತು ಮೂಗಿನಿಂದ ಶುರು ಮಾಡಿ ಕಿವಿಯವರೆಗೆ ಬರೆಯುವುದನ್ನು ಕತ್ತೆತ್ತಿ ನೋಡುತ್ತ ಶಾಲೆಗೆ ತಡವಾಗಿ ಹೋದ ಅಜ್ಜಂದಿರು ಇದನ್ನು ಓದುತ್ತಿರಬಹುದು. ಆಮೇಲೆ ಫ್ಲೆಕ್ಸ್ ಬಂತು. ಯಂತ್ರ ಹತ್ತು ನಿಮಿಷದಲ್ಲಿ ಮುಖ ಉಗುಳಿತು, ಕುಂಚದವರಿಗೆ ಕೆಲಸ ಹೋಯಿತು. 2009ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಭಿತ್ತಿಪತ್ರ ಅಂಟಿಸಿ ಹೊಲಸಾಗಿದ್ದ ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ ಕರೆದದ್ದು ಇಂಥ ಬ್ಯಾನರ್ ಕಲಾವಿದರನ್ನೇ. ಹಂಪಿ, ಅರಮನೆ, ಜೋಗ, ಕಾಡುಪ್ರಾಣಿ ಎಲ್ಲ ಗೋಡೆಗೆ ಬಂದವು. ಅದು ಕಲೆಯೇ ಅಲ್ಲ ಎಂದು ಮೂಗು ಮುರಿದವರೂ ಇದ್ದರು. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನೊಳಗಿನ ಮಗು ಭಿತ್ತಿಪತ್ರದ ಬದಲು ಹುಲಿ ನೋಡಿದರೆ ನನಗೆ ಅಷ್ಟು ಸಾಕು.

ಗೋಡೆಗೆ ಚಿಟ್ಟೆ ಬರೆಯುವುದು ಹೊಸದೇನಲ್ಲ, ಗೊತ್ತೇ? ಈಜಿಪ್ಟಿನಲ್ಲಿ ನೆಬಾಮುನ್ ಎಂಬ ಗುಮಾಸ್ತನಿದ್ದ. ಧಾನ್ಯದ ಲೆಕ್ಕ ಬರೆಯುವುದು ಅವನ ಕೆಲಸ. ಅವನ ಸಮಾಧಿಯ ಗೋಡೆಯಲ್ಲಿ ಕ್ರಿ.ಪೂ. 1350ರ ಸುಮಾರಿಗೆ ಬರೆದ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಹೆಂಡತಿ ಮಗಳ ಜೊತೆ ದೋಣಿಯಲ್ಲಿ ನಿಂತು ಜೌಗು ನೆಲದಲ್ಲಿ ಹಕ್ಕಿ ಬೇಟೆಯಾಡುವ ದೃಶ್ಯ. ಒಂದು ಕಳ್ಳ ಬೆಕ್ಕು ಕೂಡ ಇದೆ, ಅದೂ ಹಕ್ಕಿ ಹಿಡಿದಿದೆ. ಇವರ ನಡುವೆ ಹಾರುತ್ತಿರುವ ಕಿತ್ತಳೆ ಬಣ್ಣದ ಚಿಟ್ಟೆ ಯಾವುದು ಗೊತ್ತೇ? ನಮ್ಮ ಎಕ್ಕದ ಗಿಡದ ಚಿಟ್ಟೆ! ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಅನ್ನುತ್ತಾರೆ. ಕಿತ್ತಳೆ ರೆಕ್ಕೆ, ಕಪ್ಪು ತುದಿ, ತುದಿಯಲ್ಲಿ ಬಿಳಿ ಚುಕ್ಕೆಗಳ ಪಟ್ಟಿ. ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದೆ ನೈಲ್ ನದಿಯ ದಡದಲ್ಲಿ ಬರೆದವನಿಗೂ, ಈಗ ಭದ್ರಾ ಕಾಲುವೆಯ ಏರಿ ಮೇಲೆ ಎಮ್ಮೆ ಕಾಯುವ ಹುಡುಗನಿಗೂ ಕಂಡದ್ದು ಅದೇ ಚಿಟ್ಟೆ. ಆಫ್ರಿಕಾದಿಂದ ಏಷ್ಯಾದವರೆಗೆ ಅದರ ಸಂಸಾರ ಹಬ್ಬಿದೆ.

ಈಗಿನ ಕಾಲದಲ್ಲಿ ಇದೇ ಕೆಲಸ ಹಿಡಿದವರೊಬ್ಬರು ಫ್ರಾನ್ಸಿನಲ್ಲಿದ್ದಾರೆ. 'ಮಂತ್ರ' ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಾರೆ. ನಾಲ್ಕೈದು ಅಂತಸ್ತಿನ ಕಟ್ಟಡದ ಇಡೀ ಬದಿಯನ್ನು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಹಾಗೆ ಬರೆದು, ಅದರೊಳಗೆ ಭಾರಿ ಗಾತ್ರದ ಚಿಟ್ಟೆಗಳನ್ನು ಸಾಲಾಗಿ ಕೂರಿಸುತ್ತಾರೆ. ನೆರಳು ಎಷ್ಟು ಕರಾರುವಾಕ್ಕು ಅಂದರೆ ಚಿಟ್ಟೆ ಗೋಡೆಯಿಂದ ಎದ್ದು ನಿಂತ ಹಾಗೆ ಕಾಣುತ್ತದೆ. ಕಾಲು, ಮೀಸೆ ಒಂದೂ ತಪ್ಪಿಲ್ಲ. ಆದರೂ ಫೋಟೊ ನೋಡಿದಾಗ ನನಗೆ ಒಂದು ಸಣ್ಣ ಸಂಕಟ: ಅವೆಲ್ಲ ಪೆಟ್ಟಿಗೆಯೊಳಗೆ ಸೂಜಿ ಚುಚ್ಚಿಟ್ಟ ಚಿಟ್ಟೆಗಳ ಚಿತ್ರ. ನಮ್ಮ ಅಂಗನವಾಡಿಯ ಶೂ ಹಾಕಿದ ಚಿಟ್ಟೆ ತಪ್ಪೋ ನೆಪ್ಪೋ, ಬದುಕಿದೆಯಲ್ಲ!

ನಮ್ಮ ಮೈಸೂರಿನ ಬಾದಲ್ ನಂಜುಂಡಸ್ವಾಮಿ ಅವರದು ಬೇರೆಯೇ ದಾರಿ. 2015ರಲ್ಲಿ ಬೆಂಗಳೂರಿನ ರಸ್ತೆಯ ದೊಡ್ಡ ಗುಂಡಿಯೊಂದರಲ್ಲಿ ಮೊಸಳೆಯನ್ನು ತಂದಿಟ್ಟು ಸುತ್ತ ನೀರಿನ ಬಣ್ಣ ಬಳಿದರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ದಿರಿಸಿನವರನ್ನು ನಡೆಸಿ ಚಂದ್ರನ ನೆಲದಂತೆ ಕಾಣಿಸಿದರು. ಅವರು ಗೋಡೆ ಚೊಕ್ಕ ಆಗಲಿ ಎಂದು ಕಾಯುವುದಿಲ್ಲ. ಬೀದಿಯಲ್ಲಿ ಏನಿದೆಯೋ ಅದನ್ನೇ ಚಿತ್ರದೊಳಗೆ ಎಳೆದುಕೊಳ್ಳುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಂದು ಕಾಂಪೌಂಡಿಗೆ ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಯಾವ ಕಾಂಪೌಂಡು ಅನ್ನುವುದು ಬೇಡ ಬಿಡಿ. ಮೇಲೆ ಸ್ವಚ್ಛತೆಯ ಘೋಷಣೆ, ಕೆಳಗೆ ಹೂವು, ಚಿಟ್ಟೆ. ಬಣ್ಣದ ಡಬ್ಬ ಬರುವ ಮುಂಚೆ ಇಬ್ಬರು ಆಳುಗಳು ಕುಡುಗೋಲು, ಸಲಿಕೆ ಹಿಡಿದು ಬಂದು ಗೋಡೆ ಬುಡದ ಗಿಡ ಸವರತೊಡಗಿದರು. ಅಲ್ಲಿ ಮೂರು ಎಕ್ಕದ ಗಿಡ ಇದ್ದವು. ಐದನೇ ಕ್ಲಾಸಿನ ನನ್ನ ಮೊಮ್ಮಗಳು ದಿನಾ ಆ ದಾರಿಯಲ್ಲೇ ಶಾಲೆಗೆ ಹೋಗುವವಳು. ಅವತ್ತು ಚೀಲ ಸಮೇತ ಓಡಿ ಬಂದಳು.

"ಅಜ್ಜಾ, ಚಿಟ್ಟೆ ಬರೆಯೋಕೆ ಅಂತ ಚಿಟ್ಟೆ ಕಡೀತಿದಾರೆ, ಬಾ!"

ನಾನು ಚಪ್ಪಲಿ ಮೆಟ್ಟಿ ಹೋಗುವಷ್ಟರಲ್ಲಿ ಎರಡು ಗಿಡ ನೆಲಕ್ಕೆ ಬಿದ್ದಿದ್ದವು. ಮೂರನೆಯದು ನಿಂತಿತ್ತು. ಪೇಂಟರ್ ದಾವಣಗೆರೆ ಕಡೆಯವರು, ಐವತ್ತು ದಾಟಿದವರು, ಹಿಂದೆ ಬ್ಯಾನರ್ ಬರೆಯುತ್ತಿದ್ದವರು.

"ಮೇಷ್ಟ್ರೇ, ಎಕ್ಕ ಅಲ್ರೀ ಅದು. ಇವತ್ತು ಕಡಿದ್ರೆ ನಾಡಿದ್ದು ಹುಟ್ಟುತ್ತೆ. ಗೋಡೆ ಚೊಕ್ಕ ಆಗ್ಬೇಕಲ್ರೀ" ಅಂದರು.

ಅವರು ಹೇಳಿದ್ದು ಸುಳ್ಳೇನಲ್ಲ. ಎಕ್ಕಕ್ಕೆ ಮರ್ಯಾದೆ ಕೊಡುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ರಥಸಪ್ತಮಿಯ ದಿನ ಏಳು ಎಲೆ ಮೈಮೇಲಿಟ್ಟು ಸ್ನಾನ, ಶನಿವಾರ ಆಂಜನೇಯನಿಗೆ ಹಾರ. ಉಳಿದ ದಿನ ಅದು ಕಸ. ನನ್ನ ಮೊಮ್ಮಗಳು ಮಾತಾಡಲಿಲ್ಲ. ನಿಂತ ಗಿಡದ ಹತ್ತಿರ ಕೂತು ಒಂದು ಎಲೆಯ ಅಡಿಯನ್ನು ಕಡ್ಡಿಯಿಂದ ಎತ್ತಿ ತೋರಿಸಿದಳು. ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳು. ಮೈಮೇಲೆ ಮೂರು ಜೊತೆ ಕರಿ ಕೊಂಬು. ಎಲೆಯ ನಡುನರವನ್ನು ಕಚ್ಚಿ ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಅಂಚಿನಿಂದ ತಿನ್ನುತ್ತಿತ್ತು. ಎಕ್ಕದ ಹಾಲು ಅಂಟಿದರೆ ಅದರ ಪುಟ್ಟ ಬಾಯಿ ಮುಚ್ಚಿಹೋಗುತ್ತದಲ್ಲ, ಅದಕ್ಕೇ ಈ ಉಪಾಯ. ಹಾಗೆ ತಿಂದ ಎಲೆಯ ಕಹಿ ವಿಷ ಅದರ ಮೈಯಲ್ಲಿ ಉಳಿದು, ಚಿಟ್ಟೆಯಾದ ಮೇಲೂ ಹೋಗುವುದಿಲ್ಲ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಮತ್ತೆ ಆ ಕಿತ್ತಳೆ ಬಣ್ಣದ ತಂಟೆಗೆ ಬರುವುದಿಲ್ಲ. ಈ ಹೆದರಿಕೆಯ ಲಾಭ ಪಡೆಯಲು ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ, ವಿಷವೇ ಇಲ್ಲದ್ದು, ಥೇಟ್ ಇದರದೇ ವೇಷ ಹಾಕಿಕೊಂಡು ತಿರುಗುತ್ತದೆ. ಬಯಲಾಟದವರು ಅದರಿಂದ ಕಲಿಯಬೇಕು!

ಪೇಂಟರ್ ಬಗ್ಗಿ ನೋಡಿದರು. "ನಾ ಬರೆಯೋ ಚಿಟ್ಟೆ ಇದ್ರಿಂದಾನಾ ಆಗೋದು?" ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಬೀಡಿ ಕೈಯಲ್ಲೇ ಆರಿತು. "ನಲವತ್ತು ವರ್ಷ ಆತು ಕುಂಚ ಹಿಡಿದು. ಇದನ್ನ ಬರೆದೇ ಇಲ್ಲ ನೋಡ್ರಿ" ಅಂದರು.

ಕಡಿದ ಎರಡು ಗಿಡಗಳ ರೆಂಬೆಗಳನ್ನು ನಿಂತ ಗಿಡಕ್ಕೆ ಒರಗಿಸಿಟ್ಟೆವು. ಕೈಯಿಂದ ಹುಳು ಹಿಡಿಯಬೇಕಾಗಿಲ್ಲ. ಎಲೆ ಬಾಡುತ್ತ ಬಂದಂತೆ ಅವೇ ಹಸಿ ಎಲೆಗೆ ದಾಟಿಕೊಂಡವು. ಮೊಮ್ಮಗಳು ಎಣಿಸಿದ್ದು ಏಳು. ಬಿದ್ದ ಎಲೆಗಳ ಅಡಿಯಲ್ಲಿದ್ದ ಮೊಟ್ಟೆಗಳ ಲೆಕ್ಕ ಯಾರಿಗೂ ಸಿಗಲಿಲ್ಲ. ಗುಂಡುಸೂಜಿಯ ತಲೆಯಷ್ಟು ಮೊಟ್ಟೆ, ಒಂದೊಂದು ಎಲೆಗೆ ಒಂದೊಂದು. ಅವು ಸಲಿಕೆಯ ಜೊತೆ ಹೋದವು.

(ಮಕ್ಕಳೇ, ಇಲ್ಲಿ ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ದೂರದಿಂದ ನೋಡಿ, ಎಲೆ ಕೀಳಬೇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ಅಜ್ಜ ಅಜ್ಜಿ ಜೊತೆಗಿದ್ದರೆ ಒಳ್ಳೆಯದು.)

ಮೂರನೇ ಗಿಡ ಉಳಿಯಿತು. ಪೇಂಟರ್ ಅದರ ಹಿಂದಿನ ಗೋಡೆಗೆ ಬರೀ ತಿಳಿಹಸಿರು ಬಳಿದು, ಗಿಡ ಗೋಡೆಯೊಳಗಿಂದಲೇ ಬೆಳೆದ ಹಾಗೆ ಎರಡು ರೆಂಬೆ ಬಣ್ಣದಲ್ಲಿ ಮುಂದುವರಿಸಿದರು. ಮೈಸೂರಿನ ಬಾದಲ್ ಅವರ ಹೆಸರು ಅವರು ಕೇಳಿರಲಿಲ್ಲ, ಆದರೂ ಕೈ ಅದೇ ದಾರಿ ಹಿಡಿದಿತ್ತು. ಆ ರೆಂಬೆಯ ಮೇಲೆ ಮೊಳದುದ್ದ ಪಟ್ಟೆ ಹುಳು ಬರೆದರು. ಚಿತ್ರ ಬರೆಸಿದವರು ಬಂದು ನೋಡಿ, "ಚಿಟ್ಟೆ ಬರೀರಿ ಅಂದ್ರೆ ಹುಳ ಬರೆದೀರಲ್ಲ" ಎಂದು ಗೊಣಗಿದರು. ಅಳಿಸು ಅನ್ನಲಿಲ್ಲ.

ಇನ್ನು ಕವಿತೆಯ ಕಡೆಗೆ ಬರೋಣ. ಗೋಡೆಯ ಮೇಲೆ ಚಿತ್ರ ಬಂದ ಮೇಲೆ ಖಾಲಿ ಉಳಿದ ಜಾಗದಲ್ಲಿ ಏನು ಬರೆಯುವುದು ಎಂಬ ಪ್ರಶ್ನೆ ಬಂತು. ಘೋಷಣೆ ಬೇಡ, ಪದ್ಯ ಬರೆಯೋಣ ಅಂತ ಮಕ್ಕಳೇ ಹೇಳಿದರು. ಗೋಡೆಗೆ ಪದ್ಯವೇ ಎಂದು ಹುಬ್ಬೇರಿಸಬೇಡಿ. ಬಾದಾಮಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಕ್ರಿ.ಶ. 700ರ ಸುಮಾರಿನದು. ಅದರಲ್ಲಿರುವುದು ತ್ರಿಪದಿ, ಮೂರೇ ಸಾಲಿನ ಪದ್ಯ. ಕನ್ನಡದ ಬಹಳ ಹಳೆಯ ಕವಿತೆಗಳಲ್ಲಿ ಒಂದು ನಮಗೆ ಸಿಕ್ಕಿರುವುದು ಓಲೆಗರಿಯಲ್ಲಲ್ಲ, ದಾರಿಹೋಕರು ತಲೆಯೆತ್ತಿ ಓದುವ ಕಲ್ಲಿನ ಮೇಲೆ. ಆಮೇಲೆ ಅದೇ ಮೂರು ಸಾಲನ್ನು ಬೀಸುಕಲ್ಲಿನ ಮುಂದೆ ಅಜ್ಜಿಯರು ಹಾಡಿದರು, ಸರ್ವಜ್ಞ ಊರೂರು ತಿರುಗುತ್ತ ಹೇಳಿದ. ಅಂಕೋಲೆಯ ಕಡೆಯ ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕಗಳನ್ನು ಬರೆದು ಮನೆಮಾತಾದರು. ಜಪಾನಿನಲ್ಲಿ ಹಾಯ್ಕು ಎಂಬ ಮೂರು ಸಾಲಿನ ಪದ್ಯವಿದೆ, ಸಾಲಿಗೆ ಐದು, ಏಳು, ಐದು ಉಚ್ಚಾರದ ಲೆಕ್ಕ. ಅದರಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರಬೇಕೆಂಬ ಕಟ್ಟಳೆ. ಅವರಿಗೆ ಚಿಟ್ಟೆ ಅಂದರೆ ವಸಂತ. ಆ ಪದ ಬಂದರೆ ಸಾಕು, 'ಚಳಿ ಹೋಯಿತು' ಎಂದು ಬೇರೆ ಹೇಳಬೇಕಿಲ್ಲ.

ನಮಗೆ ಹಾಗಲ್ಲ. ನಮ್ಮ ಬಯಲುಸೀಮೆಯ ಅಂಚಿನಲ್ಲಿ ಚಿಟ್ಟೆ ಹೆಚ್ಚುವುದು ಮಳೆ ಹಿಂದೆ ಸರಿದ ಮೇಲೆ. ಗಣಪತಿ ನೀರಿಗೆ ಹೋಗಿ, ನವರಾತ್ರಿಗೆ ಸುಣ್ಣ ಬಳಿಯುವ ಹೊತ್ತಿಗೆ ತುಂಬೆ ಹೂವಿನ ಮೇಲೆ ಎಲ್ಲೆಲ್ಲೂ ಅವೇ. ಆದ್ದರಿಂದ ಕನ್ನಡದಲ್ಲಿ ಹಾಯ್ಕು ಬರೆಯುವವರು ಚಿಟ್ಟೆಯನ್ನು ಯುಗಾದಿಗೆ ಕಟ್ಟಿಹಾಕಬಾರದು ಅನ್ನುವುದು ನನ್ನ ಹಟ. ಹೆಸರಿನ ವಿಷಯದಲ್ಲೂ ನಮ್ಮದೇ ಸಂಪತ್ತಿದೆ. ಚಿಟ್ಟೆ ಎನ್ನುವವರೂ ಇದ್ದಾರೆ, ಪಾತರಗಿತ್ತಿ ಎನ್ನುವವರೂ ಇದ್ದಾರೆ. ಪಾತರದವಳು ಅಂದರೆ ಹಿಂದೆ ಕುಣಿಯುವವಳು. ಪಾತರಗಿತ್ತಿ ಎನ್ನುವ ಒಂದೇ ಪದದಲ್ಲಿ ಹುಳುವಿಗೆ ಗೆಜ್ಜೆ ಕಟ್ಟಿದ್ದಾರೆ ನಮ್ಮ ಹಿರಿಯರು. ಧಾರವಾಡದ ಬೇಂದ್ರೆಯವರು ಆ ಹೆಸರಿನ ಮೇಲೆಯೇ ಪದ್ಯ ಬರೆದು, ಉತ್ತರದ ಆಡುಮಾತನ್ನು ಇಡೀ ನಾಡಿನ ಮಕ್ಕಳ ಬಾಯಿಗೆ ಹಾಕಿದರು.

ಗೋಡೆಗೆ ಬರೆಯುವ ಮಕ್ಕಳಿಗೆ ನಾನು ಒಂದೇ ಷರತ್ತು ಹಾಕಿದೆ. 'ಚಂದ', 'ಸುಂದರ', 'ಬಣ್ಣ ಬಣ್ಣದ' ಈ ಮೂರು ಪದ ಬಳಸುವಂತಿಲ್ಲ. ಹತ್ತು ನಿಮಿಷ ಎಲ್ಲರೂ ಪೆನ್ಸಿಲ್ ಕಚ್ಚುತ್ತ ಕೂತರು. ಆ ಪದಗಳನ್ನು ತೆಗೆದರೆ ಚಿಟ್ಟೆ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ ಅಂತ ಒಬ್ಬ ಹುಡುಗ ಜಗಳಕ್ಕೇ ಬಂದ. ಹೋಗಿ ನೋಡಿಕೊಂಡು ಬಾ ಅಂದೆ. ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದು ಅವನೇ ಬರೆದದ್ದು ಇದು:

ಬಸ್ಸು ಹೋಯಿತು.
ಧೂಳಿನ ಹಿಂದೆ ಹಿಂದೆ
ಹಳದಿ ಚಿಟ್ಟೆ.

ಉಚ್ಚಾರದ ಲೆಕ್ಕ ನಾನು ನೋಡಲಿಲ್ಲ. ಬಸ್ಸಿನ ಗಾಳಿಗೆ ಸಿಕ್ಕಿದ ಚಿಟ್ಟೆಯೋ, ಬಸ್ಸನ್ನು ಅಟ್ಟಿಸಿಕೊಂಡು ಹೊರಟ ಚಿಟ್ಟೆಯೋ ಎಂದು ನಾನು ಮನೆಗೆ ಬಂದ ಮೇಲೂ ಯೋಚಿಸಿದೆ. ನನ್ನ ಮೊಮ್ಮಗಳು ಎಕ್ಕದ ಹುಳುವಿಗೆ ಒಂದು ಪ್ರಶ್ನೆ ಕೇಳಿದ್ದಳು:

ಕಹಿ ಎಲೆ ತಿಂದವನೇ,
ಹೊಟ್ಟೆಯೊಳಗೆ ಕಿತ್ತಳೆ
ಯಾವಾಗ ಹಣ್ಣಾಯಿತು?

ಇನ್ನೊಂದು ಬಂದದ್ದು ಗುಂಪಿನಲ್ಲೇ ಸಣ್ಣವಳಿಂದ, ಬಣ್ಣ ಒಣಗುವ ಮುಂಚೆ ಮಳೆ ಬಂದ ದಿನ:

ಗೋಡೆ ಚಿಟ್ಟೆಗೆ
ಮಳೆ ಬಂದರೂ
ಎಲೆ ಅಡಿ ಹೋಗೋಕಾಗಲ್ಲ.

ಇದನ್ನು ಓದಿ ಪೇಂಟರ್ ಸುಮ್ಮನೆ ಏಣಿ ಹತ್ತಿ, ಒಂದು ಚಿಟ್ಟೆಯ ತಲೆಯ ಮೇಲೆ ದೊಡ್ಡ ಎಲೆ ಬರೆದುಬಿಟ್ಟರು. ಕವಿತೆಗೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ.

ಎಕ್ಕದ ಏಳು ಹುಳುಗಳ ಕಥೆ ಏನಾಯಿತು ಎಂದು ಕೇಳುತ್ತೀರಿ. ಒಂದೆರಡು ವಾರದಲ್ಲಿ ಐದು ಕಾಣೆಯಾದವು. ಹಕ್ಕಿಗೆ ರುಚಿಸದಿದ್ದರೂ ಕಣಜಕ್ಕೆ, ಜೇಡಕ್ಕೆ ಅಂಥ ಮಡಿ ಇಲ್ಲ. ಕೋಶ ಕಟ್ಟಲು ಗಿಡ ಬಿಟ್ಟು ದೂರ ಹೋಗಿದ್ದರೂ ಇರಬಹುದು. ಒಂದು ಎಲೆಯಡಿಯಲ್ಲಿ ಹಸಿರು ಕೋಶವಾಗಿ ನೇತಾಡಿತು. ಇನ್ನೊಂದು ಗೋಡೆ ಹತ್ತಿ, ಮೇಲಂಚಿನ ಸಿಮೆಂಟಿನ ಕೆಳಗೆ, ಬಣ್ಣದ ಚಿಟ್ಟೆಗಳಿಗಿಂತ ಮೇಲೆ ಹೋಗಿ ನೇತುಹಾಕಿಕೊಂಡಿತ್ತು. ಅದು ನಸುಗೆಂಪು. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆವು. ಒಂದು ಭಾನುವಾರ ಹೋದಾಗ ಎರಡೂ ಖಾಲಿ, ಗಾಜಿನ ಹಾಗೆ ಪಾರದರ್ಶಕವಾದ ಸಿಪ್ಪೆ ಮಾತ್ರ. ಹೊರಬರುವುದನ್ನು ನೋಡಬೇಕೆಂದಿದ್ದ ಮೊಮ್ಮಗಳಿಗೆ ಅಳುವೇ ಬಂತು.

ನಿಮ್ಮ ಮನೆ ಹತ್ತಿರ ಎಕ್ಕ ಇಲ್ಲದಿದ್ದರೆ ಕರಿಬೇವು ಇದ್ದೇ ಇರುತ್ತದೆ, ಇಲ್ಲವೇ ನಿಂಬೆ. ಒಗ್ಗರಣೆಗೆ ಸೊಪ್ಪು ಕೀಳುವಾಗ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಅಜ್ಜಿ, ದಯವಿಟ್ಟು ತಟ್ಟನೆ ಕೊಡವಬೇಡಿ. ಅದು ಹಿಕ್ಕೆಯ ವೇಷದ ಹುಳು. ದೊಡ್ಡದಾದಂತೆ ಹಸಿರಾಗುತ್ತದೆ. ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಹಾಕಿ ನಾತ ಬಿಡುತ್ತದೆ. ಅದೇ ಮುಂದೆ ಕರಿ ರೆಕ್ಕೆಯ ದೊಡ್ಡ ಚಿಟ್ಟೆ. ಅಡಿಕೆ ತೋಟದವರಿಗೆ ಇನ್ನೂ ಒಬ್ಬ ನೆಂಟನಿದ್ದಾನೆ. ಅಡಿಕೆ, ತೆಂಗಿನ ಗರಿ ತಿಂದು ಬೆಳೆಯುವ ಕಂದು ಚಿಟ್ಟೆ. ಅದಕ್ಕೆ ಹೂವಿಗಿಂತ ಕೊಳೆತ ಹಣ್ಣು ಇಷ್ಟ. ನೆರಳಲ್ಲೇ ತಿರುಗುವುದರಿಂದ ಗೋಡೆಗೆ ಬರೆಯುವವರ ಕಣ್ಣಿಗೆ ಬಿದ್ದಿಲ್ಲ. ನಮ್ಮ ರಾಜ್ಯದ ಚಿಟ್ಟೆ ಎನಿಸಿಕೊಂಡ ಸದರ್ನ್ ಬರ್ಡ್‌ವಿಂಗ್ ಕಪ್ಪು, ಬಂಗಾರದ ಹಳದಿಯದು, ರೆಕ್ಕೆ ಬಿಚ್ಚಿದರೆ ಗೇಣುದ್ದ. ಅದರ ಮನೆ ಪಶ್ಚಿಮಘಟ್ಟ, ಅದರ ಹುಳು ಈಶ್ವರಿ ಬಳ್ಳಿಯ ಎಲೆ ತಿನ್ನುತ್ತದೆ. ಗೋಡೆಗೆ ಅದನ್ನೂ ಬರೆಯಿರಿ, ಬಳ್ಳಿಯ ಸಮೇತ.

ಈಗ ಕೆಲಸ ನಿಮ್ಮದು. ಮೂರು ಸಾಲು, ಜಾಸ್ತಿ ಬೇಡ. ಅಂಚೆ ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಯಾವ ಗಿಡದ ಮೇಲೆ, ಯಾವ ಊರಲ್ಲಿ, ಎಷ್ಟು ಹೊತ್ತಿಗೆ ಕಂಡಿತು ಅನ್ನುವುದನ್ನು ಕೆಳಗೆ ಬರೆಯಿರಿ. ಅಜ್ಜ ಅಜ್ಜಿಯರು ಬೇರೆ ಕಾರ್ಡಿನಲ್ಲೇ ಬರೆಯಬೇಕು, ಮೊಮ್ಮಕ್ಕಳ ಕಾರ್ಡಿನಲ್ಲಿ ಜಾಗ ಹಿಡಿಯುವಂತಿಲ್ಲ. ನಿಷೇಧದ ಮೂರು ಪದ ನೆನಪಿರಲಿ. ಆಮೇಲೆ, ಗೋಡೆ ಚಿಟ್ಟೆಯ ಕಾಲು ಎಣಿಸಿದ ಲೆಕ್ಕವನ್ನೂ ಕಳಿಸಿ. ಶೂ ಹಾಕಿದ್ದು ಇನ್ನೊಂದು ಸಿಕ್ಕರೆ ಊರಿನ ಹೆಸರು ಮರೆಯಬೇಡಿ.